ಅರವತ್ತು ಡಿಗ್ರಿಯ ಪುಟ

ಸೋಮಶೇಖರ ತನ್ನ ಬದುಕಿನಲ್ಲಿ ಒಂದು ಗುಂಡನ್ನೂ ಹಾರಿಸಿದವನಲ್ಲ. ದಾವಣಗೆರೆಯ ಲಿಂಗಾಯತರ ಮನೆಯಲ್ಲಿ ಬೆಳೆದವನು, ಪಕ್ಕದ ಮನೆಯಲ್ಲಿ ಮೊಟ್ಟೆ ಬೇಯಿಸಿದರೂ ಕಿಟಕಿ ಮುಚ್ಚುತ್ತಿದ್ದವನು. ಆದರೂ ೨೦೦೬ರ ಹೊತ್ತಿಗೆ, ಸ್ವೀಡನ್ನಿನ ಲಿಂಕೋಪಿಂಗ್ ಊರಿನಲ್ಲಿ, ಬೇಟೆಯ ರೈಫಲ್ಲು ಪ್ರಯಾಣದಲ್ಲಿ ಹೇಗೆ ಕೆಡುತ್ತದೆ ಎನ್ನುವುದು ಅವನಷ್ಟು ಚೆನ್ನಾಗಿ ತಿಳಿದವರು ಹೆಚ್ಚು ಜನ ಇರಲಿಲ್ಲ.

ಬೆಂಗಳೂರಿನ ವಿಮಾನ ಪ್ರಯೋಗಾಲಯವೊಂದರಲ್ಲಿ ಅವನು ಎಂಟು ವರ್ಷ ಕಂಪನ ಪರೀಕ್ಷೆ ಮಾಡಿದ್ದ. ಯಂತ್ರದ ಒಂದು ಭಾಗವನ್ನು ಮೇಜಿಗೆ ಬಿಗಿದು, ಗಂಟೆಗಟ್ಟಲೆ ಅಲ್ಲಾಡಿಸಿ, ಯಾವ ಸ್ಕ್ರೂ ಮೊದಲು ಸಡಿಲವಾಗುತ್ತದೆ ಎಂದು ನೋಡುವ ಕೆಲಸ. ಅದೇ ಕೆಲಸಕ್ಕೆ ಲಿಂಕೋಪಿಂಗ್‌ಗೆ ಕನ್ಸಲ್ಟೆಂಟಾಗಿ ಬಂದ. ಒಂದು ವರ್ಷದಲ್ಲಿ ಪ್ರಾಜೆಕ್ಟು ಮುಗಿಯಿತು. ಹೆಂಡತಿ ಸುಲೋಚನಾ ಆಗಷ್ಟೇ ಸ್ವೀಡಿಷ್ ತರಗತಿಗೆ ಸೇರಿದ್ದಳು, ಮಗಳು ತಾನ್ಯಾ ದಾಗಿಸ್ ಎಂಬ ಶಿಶುವಿಹಾರದಲ್ಲಿ ಗೆಳತಿಯರನ್ನು ಮಾಡಿಕೊಂಡಿದ್ದಳು. ವಾಪಸು ಹೋಗುವುದೆಂದು ಸೂಟ್‌ಕೇಸು ಇಳಿಸಿದ್ದಾಗ ಯೋರಾನ್ ಎಂಬಾತ ಫೋನು ಮಾಡಿ ಕರೆದ. ಊರಾಚೆ ಹನ್ನೊಂದು ಜನರ ಪುಟ್ಟ ಕಂಪನಿ ಅವನದು. ಬೇಟೆಗಾರರ ಸಾಮಾನು ಮಾಡುತ್ತಿದ್ದರು. ಸೋಮಶೇಖರನ ವರ್ಕ್ ಪರ್ಮಿಟ್ ಆ ಕಂಪನಿಯ ಹೆಸರಿಗೆ ಹೊಸದಾಗಿ ಆಯಿತು.

ಯೋರಾನ್ ಮಾಡಹೊರಟಿದ್ದದ್ದು ಜೀಪಿನಲ್ಲಿ ಬಿಗಿಯುವ ರೈಫಲ್ ಪೆಟ್ಟಿಗೆ. ಸ್ವೀಡನ್ನಿನಿಂದ ಪ್ರತಿ ವರ್ಷ ಒಂದಷ್ಟು ಜನ ಆಫ್ರಿಕಾಕ್ಕೆ ಸಫಾರಿ ಬೇಟೆಗೆ ಹೋಗುತ್ತಾರೆ. ಅಲ್ಲಿನ ಜಲ್ಲಿ ರಸ್ತೆಗಳು ಸುಕ್ಕುಗಟ್ಟಿದ ತಗಡಿನ ಹಾಗೆ ಅಲೆ ಅಲೆಯಾಗಿರುತ್ತವೆ. ದಿನವಿಡೀ ಜೀಪು ಅದರ ಮೇಲೆ ಓಡಿದರೆ ರೈಫಲ್ಲಿನ ಮೇಲೆ ಕೂರಿಸಿದ ದುರ್ಬೀನು, ಅವರ ಮಾತಿನಲ್ಲಿ ಸ್ಕೋಪು, ಕೂದಲೆಳೆಯಷ್ಟು ಜರುಗುತ್ತದೆ. ಕಣ್ಣಿಗೆ ಕಾಣುವುದಿಲ್ಲ. ಆದರೆ ನೂರು ಮೀಟರ್ ದೂರದಲ್ಲಿ ಗುಂಡು ಒಂದು ಗೇಣು ಆಚೆ ಬೀಳುತ್ತದೆ. ಎದೆಗೆ ಬೀಳಬೇಕಾದ ಗುಂಡು ಹೊಟ್ಟೆಗೆ ಬೀಳುತ್ತದೆ. ಆ ಅಲುಗಾಟ ರೈಫಲ್ಲಿಗೆ ತಟ್ಟದ ಹಾಗೆ ಪೆಟ್ಟಿಗೆಯೊಳಗೆ ಫೋಮ್ ಹೊಂದಿಸುವುದು ಸೋಮಶೇಖರನ ಕೆಲಸ.

ಬಂದೂಕಿನ ಬಗ್ಗೆ ಅವನಿಗೆ ಎಲ್ಲವನ್ನೂ ಕಲಿಸಿದವರು ತೂರೆ. ಅರವತ್ತಾರು ವಯಸ್ಸು, ನಲವತ್ತು ವರ್ಷ ಬಂದೂಕು ರಿಪೇರಿ ಮಾಡಿದ ಕೈ. ತಮ್ಮ ಅಂಗಡಿ ಮುಚ್ಚಿದ ಮೇಲೆ ವಾರಕ್ಕೆ ಮೂರು ದಿನ ಯೋರಾನ್ ಬಳಿ ಬರುತ್ತಿದ್ದರು. ಸ್ವೀಡಿಷ್‌ನಲ್ಲಿ ದೊಡ್ಡವರಿಗೂ ಚಿಕ್ಕವರಿಗೂ ಒಂದೇ 'ದು', ಅಂದರೆ ನೀನು. ಆದರೆ ಸೋಮಶೇಖರನ ಬಾಯಲ್ಲಿ ಆ 'ದು' ಬಂದಾಗಲೆಲ್ಲ ಮನಸ್ಸು ಅದನ್ನು 'ನೀವು' ಎಂದೇ ಕೇಳಿಸಿಕೊಳ್ಳುತ್ತಿತ್ತು.

ಮೊದಲ ವಾರವೇ ತೂರೆ ಒಂದು ಖಾಲಿ ರೈಫಲ್ಲನ್ನು ಅವನ ಕೈಗಿಟ್ಟರು. ಅವನು ಹಾವು ಹಿಡಿದವನ ಹಾಗೆ ಹಿಡಿದ.

"ಕಚ್ಚೋದಿಲ್ಲ" ಎಂದರು ತೂರೆ. "ನೀನು ಮಾಂಸ ತಿನ್ನೋದಿಲ್ಲವಂತೆ?"

"ಇಲ್ಲ."

"ಹಾಗಾದರೆ ನನ್ನ ಮಾತು ನಿನಗೆ ಬೇಗ ಅರ್ಥವಾಗುತ್ತೆ. ಒಂದೇ ಏಟಿಗೆ ಸಾಯಬೇಕು, ಪ್ರಾಣಿ. ಗೊತ್ತೇ ಆಗಬಾರದು ಅದಕ್ಕೆ. ನೋಯಿಸಿ ಓಡಿಸಿಬಿಟ್ಟರೆ ಅವನು ಬೇಟೆಗಾರನಲ್ಲ. ನಿನ್ನ ಪೆಟ್ಟಿಗೆ ಇರೋದು ಬಂದೂಕಿಗಾಗಿ ಅಲ್ಲ, ಆ ಪ್ರಾಣಿಗಾಗಿ."

ಈ ಮಾತು ಸೋಮಶೇಖರನ ಮುಜುಗರವನ್ನು ತೆಗೆದುಬಿಟ್ಟಿತು. ಆಮೇಲೆ ಅವರಿಬ್ಬರೂ ಒಂದೇ ಬೆಂಚಿನಲ್ಲಿ ಕೆಲಸ ಮಾಡಿದರು. ಸ್ಕೋಪಿನ ಸ್ಕ್ರೂ ಎಷ್ಟು ಬಿಗಿಯಬೇಕು, ಮರದ ಹಿಡಿ ಬಿಸಿಲಿಗೆ ಹೇಗೆ ಉಬ್ಬುತ್ತದೆ, ದೂಳು ಎಲ್ಲಿ ಕೂರುತ್ತದೆ ಎಲ್ಲವನ್ನೂ ತೂರೆ ತೋರಿಸಿಕೊಟ್ಟರು. ಭಾನುವಾರ ಮನೆಗೂ ಬರತೊಡಗಿದರು. ಸುಲೋಚನಾಳ ಉಪ್ಪಿಟ್ಟಿಗೆ ತಾವೇ ಮಾಡಿದ ಕೆಂಪು ಹಣ್ಣಿನ ಜಾಮು ಹಚ್ಚಿಕೊಂಡು ತಿಂದರು. ತಾನ್ಯಾ ಅವರ ಸ್ವೀಡಿಷ್ ಕಥೆಗಳಿಗೆ ಬಾಯಿಬಿಟ್ಟು ಕೂರುತ್ತಿದ್ದಳು.

ಅಕ್ಟೋಬರ್‌ನಲ್ಲಿ ಮೂಸ್ ಎಂಬ ದೊಡ್ಡ ಕಾಡುಜಿಂಕೆಯ ಬೇಟೆಯ ವಾರ. ಅದೇ ವಾರ ಪೆಟ್ಟಿಗೆಯ ರಸ್ತೆ ಪರೀಕ್ಷೆ ಇಟ್ಟುಕೊಂಡರು. ತೂರೆಯ ಹಳೆಯ ಪಿಕಪ್ಪಿನ ಹಿಂದೆ ಪೆಟ್ಟಿಗೆ ಬಿಗಿದು, ಅದಕ್ಕೆ ಸೆನ್ಸರಿನ ತಂತಿಗಳನ್ನು ಅಂಟಿಸಿ, ಸೋಮಶೇಖರ ಲ್ಯಾಪ್‌ಟಾಪನ್ನು ತೊಡೆಯ ಮೇಲಿಟ್ಟುಕೊಂಡು ಕೂತ. ಸ್ಪ್ರೂಸ್ ಮರಗಳ ನಡುವಿನ ಜಲ್ಲಿ ರಸ್ತೆಯಲ್ಲಿ ಮೂರು ದಿನ ಓಡಿಸಿದರು. ಪ್ರತಿ ಸಂಜೆ ಶೂಟಿಂಗ್ ರೇಂಜಿಗೆ ಹೋಗಿ ತೂರೆ ಐದು ಗುಂಡು ಹಾರಿಸಿದರು. ಐದೂ ಒಂದು ಕಾಫಿ ಕಪ್ಪಿನ ಅಗಲದೊಳಗೆ. ಮೂರನೆಯ ಸಂಜೆ ಗುರಿಯ ಕಾಗದವನ್ನು ಕಿತ್ತು ಸೋಮಶೇಖರನ ಕೈಗೆ ಕೊಟ್ಟು ತೂರೆ ಅಂದರು, "ನಲವತ್ತು ವರ್ಷ ಬೇರೆಯವರ ಆಫ್ರಿಕಾ ಕಥೆ ಕೇಳಿದ್ದೀನಿ. ಅವರ ಬಂದೂಕು ರಿಪೇರಿ ಮಾಡಿದ್ದೀನಿ. ಮುಂದಿನ ವರ್ಷ ನಾನೇ ಹೋಗ್ತೀನಿ. ಈ ಪೆಟ್ಟಿಗೆ ತಗೊಂಡು."

ಆ ಪರೀಕ್ಷೆಯ ಪೆಟ್ಟಿಗೆಯೊಳಗಿದ್ದದ್ದು ಜರ್ಮನಿಯಿಂದ ತರಿಸಿದ ಗಟ್ಟಿ ಫೋಮ್. ನವೆಂಬರ್‌ನಲ್ಲಿ ಆ ಫೋಮ್ ಬರುವುದು ಎರಡು ತಿಂಗಳು ತಡವೆಂದು ಸುದ್ದಿ ಬಂತು. ಬೇಟೆ ಸಾಮಾನಿನ ದೊಡ್ಡ ಮೇಳ ಹತ್ತಿರವಿತ್ತು, ಪೆಟ್ಟಿಗೆಗಳಿಗೆ ಆಗಲೇ ಗಿರಾಕಿಗಳಿದ್ದರು. ಯೋರಾನ್ ಬೇರೆ ಕಡೆಯಿಂದ ಇನ್ನೊಂದು ಫೋಮ್ ತರಿಸಿದ. ನೋಡಲಿಕ್ಕೆ ಒಂದೇ ಬಣ್ಣ, ಒಂದೇ ದಪ್ಪ.

ಸೋಮಶೇಖರ ಅದನ್ನು ಹಾಕಿದ ಪೆಟ್ಟಿಗೆಯನ್ನೂ, ರೈಫಲ್ಲಿನ ಸಮೇತ, ಅಲ್ಲಾಡಿಸುವ ಶೇಕರ್ ಮೇಜಿನ ಮೇಲಿಟ್ಟ. ಸಾಮಾನ್ಯ ಉಷ್ಣತೆಯಲ್ಲಿ ಒಂದು ಕುಂದೂ ಕಾಣಲಿಲ್ಲ. ಬಳಿಕ ಮೇಜಿನ ಸುತ್ತ ಬಿಸಿ ಮಾಡುವ ಗೂಡು ಹೊಂದಿಸಿ ಅರವತ್ತು ಡಿಗ್ರಿಗೆ ಏರಿಸಿದ. ಬಿಸಿಲಲ್ಲಿ ನಿಂತ ಜೀಪಿನೊಳಗೆ ಅಷ್ಟು ಬಿಸಿ ಇರುವುದು ಅವನಿಗೆ ದಾವಣಗೆರೆಯ ಬೇಸಿಗೆಯಿಂದಲೇ ಗೊತ್ತಿತ್ತು. ನಾಲ್ಕನೆಯ ಗಂಟೆಗೆ ಒಳಗಿನಿಂದ ಟಕಟಕ ಸದ್ದು ಶುರುವಾಯಿತು. ಫೋಮ್ ಬೆಣ್ಣೆಯ ಹಾಗೆ ಮೆತ್ತಗಾಗಿ, ರೈಫಲ್ಲು ಕುಸಿದು, ಸ್ಕೋಪು ಮುಚ್ಚಳಕ್ಕೆ ಬಡಿಯುತ್ತಿತ್ತು. ಆರು ಗಂಟೆಯ ಮೇಲೆ ತೆಗೆದು ನೋಡಿದರೆ ಸ್ಕೋಪಿನ ಮುಂದಿನ ಸ್ಕ್ರೂ ಕಾಲು ಸುತ್ತು ತಿರುಗಿತ್ತು. ತಣ್ಣಗಾದ ಮೇಲೆ ಫೋಮ್ ಮತ್ತೆ ಮೊದಲಿನ ಹಾಗೆ ಉಬ್ಬಿ ನಿಂತಿತು, ಏನೂ ಆಗಿಲ್ಲವೆಂಬಂತೆ.

ಇದನ್ನೆಲ್ಲ ಅವನು ರಿಪೋರ್ಟಿನ ಹನ್ನೊಂದನೆಯ ಪುಟದಲ್ಲಿ ಬರೆದ. ಕೊನೆಯ ಸಾಲು: ಬಿಸಿ ದೇಶಗಳಲ್ಲಿ ಈ ಫೋಮ್ ಬಳಸಬಾರದು.

ಯೋರಾನ್ ಅವನನ್ನು ಕರೆದು ಬಾಗಿಲು ಹಾಕಿದ. ಕೆಟ್ಟ ಮನುಷ್ಯನಲ್ಲ ಅವನು. ತಾನ್ಯಾಳಿಗೆ ತನ್ನ ಮಗಳ ಚಳಿಗಾಲದ ಬೂಟು ತಂದುಕೊಟ್ಟವನು, ಪರ್ಮಿಟ್ಟಿನ ಕಾಗದಕ್ಕಾಗಿ ತಾನೇ ಮೂರು ಸಲ ಓಡಾಡಿದವನು.

"ಸೋಮ್, ಈ ಪುಟ ಸುಳ್ಳು ಅಂತ ನಾನು ಹೇಳ್ತಿಲ್ಲ" ಎಂದ. "ಆದರೆ ಯಾರು ರೈಫಲ್ಲನ್ನು ಆರು ಗಂಟೆ ಒಲೇಲಿ ಇಡ್ತಾರೆ? ಇದು ಅತಿ. ಮುಂದಿನ ಸಲ ಜರ್ಮನ್ ಫೋಮೇ ಹಾಕೋಣ, ಮಾತು ಕೊಡ್ತೀನಿ. ಈ ಸಲ ಹತ್ತು ಪುಟ ಸಾಕು."

"ಆಫ್ರಿಕಾಕ್ಕೆ ಅಂತಲೇ ಮಾರೋದಲ್ಲವಾ?"

"ಹೆಚ್ಚಿನವರು ಇಲ್ಲೇ ಬಳಸ್ತಾರೆ, ಕಾಡಿನಲ್ಲಿ." ಯೋರಾನ್ ಕಿಟಕಿಯ ಕಡೆ ನೋಡಿದ. ಹೊರಗೆ ಮೊದಲ ಹಿಮ ಬೀಳುತ್ತಿತ್ತು. "ಮುಂದಿನ ವರ್ಷ ನಿನ್ನ ಪರ್ಮಿಟ್ಟಿಗೆ ನಾನೇ ಪತ್ರ ಬರೀಬೇಕಲ್ಲ. ಅಷ್ಟರಲ್ಲಿ ಕಂಪನಿ ಉಳಿದಿರಬೇಕು."

ಅದು ಬೆದರಿಕೆಯೋ, ಬರೀ ನಿಜದ ಮಾತೋ ಸೋಮಶೇಖರನಿಗೆ ತಿಳಿಯಲಿಲ್ಲ. ಹನ್ನೊಂದನೆಯ ಪುಟವನ್ನು ತೆಗೆದು ತನ್ನ ಬ್ಯಾಗಿಗೆ ಹಾಕಿಕೊಂಡ. ಉಳಿದ ಹತ್ತು ಪುಟದ ಕೊನೆಯಲ್ಲಿ ಸಹಿ ಮಾಡಿದ. ಹತ್ತು ಪುಟದಲ್ಲಿ ಒಂದು ಅಕ್ಷರವೂ ಸುಳ್ಳಿರಲಿಲ್ಲ. ಬಸ್ಸಿನಲ್ಲಿ ಮನೆಗೆ ಹೋಗುವಾಗ ಇದನ್ನೇ ತನಗೆ ತಾನೇ ಹಲವು ಸಲ ಹೇಳಿಕೊಂಡ.

ಮರುವರ್ಷ ಆಗಸ್ಟಿನಲ್ಲಿ ತೂರೆಯ ಟಿಕೆಟ್ ಬಂತು. ನಮೀಬಿಯಾ, ಸೆಪ್ಟೆಂಬರ್, ಹತ್ತು ದಿನ. ಫಿಕಾ ಎಂಬ ಕಾಫಿ ವಿರಾಮದ ಹೊತ್ತಿನಲ್ಲಿ ಎಲ್ಲರೂ ಕಪ್ಪು ಹಿಡಿದು ಸುತ್ತ ನಿಂತಿದ್ದಾಗ ತೂರೆ ರಿಪೋರ್ಟನ್ನು ಕೈಯಲ್ಲಿ ಹಿಡಿದು ಬಂದರು. ಅಂಚುಗಳಲ್ಲಿ ಪೆನ್ಸಿಲ್ಲಿನ ಗೀಟುಗಳಿದ್ದವು. ಇಡೀ ಕಂಪನಿಯಲ್ಲಿ ಅದನ್ನು ಪೂರ್ತಿ ಓದಿದವರು ಅವರೊಬ್ಬರೇ ಇರಬೇಕು.

"ಒಳ್ಳೆ ಕೆಲಸ" ಎಂದರು. "ಒಂದೇ ಮಾತು ಕೇಳಬೇಕು. ಬಿಸಿಯಲ್ಲಿ ನೋಡಿದೆಯಾ?"

ಯೋರಾನ್ ಎರಡು ಹೆಜ್ಜೆ ಆಚೆ ದಾಲ್ಚಿನ್ನಿ ಬನ್ನು ಮುರಿಯುತ್ತಿದ್ದ. ಮುರಿಯುವ ಕೈ ನಿಂತಿತು.

"ನೋಡಿದ್ದೀವಿ" ಎಂದ ಸೋಮಶೇಖರ.

"ಹಾಗಾದರೆ ಸರಿ" ಎಂದು ತೂರೆ ರಿಪೋರ್ಟನ್ನು ಮಡಿಸಿ ಜೇಬಿಗಿಟ್ಟುಕೊಂಡರು. ಏನಾಯಿತು ಎಂದು ಕೇಳಲಿಲ್ಲ. ಕೆಟ್ಟದ್ದಾಗಿದ್ದರೆ ಹುಡುಗ ಹೇಳುತ್ತಿದ್ದ ಎಂಬುದು ಅವರ ಲೆಕ್ಕ.

ಅಂದು ಗುರುವಾರ. ರಸ್ತೆ ಪರೀಕ್ಷೆಯ ಹಳೆಯ ಪೆಟ್ಟಿಗೆಯಲ್ಲಿ ಜರ್ಮನ್ ಫೋಮ್ ಇನ್ನೂ ಇತ್ತು. ಸೋಮವಾರ ಬೆಳಗ್ಗೆ ಬೇಗ ಬಂದು, ಯಾರಿಗೂ ಹೇಳದೆ, ತೂರೆಗೆಂದು ಎತ್ತಿಟ್ಟ, ಮೆತ್ತಗಾಗುವ ಫೋಮಿನ ಪೆಟ್ಟಿಗೆಗೆ ಅದನ್ನು ಹಾಕಿಬಿಡುವುದೆಂದು ಸೋಮಶೇಖರ ನಿರ್ಧರಿಸಿದ. ಸೋಮವಾರ ಬಂದಾಗ ಕಪಾಟು ಖಾಲಿಯಿತ್ತು. ಶುಕ್ರವಾರವೇ ತೂರೆ ಒಯ್ದಿದ್ದರು. ಅವರ ಮನೆ ಸೈಕಲ್ಲಿನಲ್ಲಿ ಇಪ್ಪತ್ತು ನಿಮಿಷ. ವಿಮಾನಕ್ಕೆ ಇನ್ನೂ ಒಂಬತ್ತು ದಿನವಿತ್ತು. ಸೋಮಶೇಖರ ಖಾಲಿ ಕಪಾಟಿನ ಮುಂದೆ ನಿಂತುಕೊಂಡ. ಆಗ ಅವನಿಗೆ ಅನ್ನಿಸಿದ್ದು ಗಾಬರಿಯಲ್ಲ, ಒಂದು ಬಗೆಯ ನಿರಾಳ. ಇನ್ನು ತನ್ನ ಕೈಯಲ್ಲಿಲ್ಲ ಎಂಬ ನಿರಾಳ. ಅದನ್ನು ನೆನೆದು ಆಮೇಲೆ ಎಷ್ಟೋ ದಿನ ನಾಚಿದ.

ಅಕ್ಟೋಬರ್ ಮೊದಲ ಭಾನುವಾರ ಮಧ್ಯಾಹ್ನ ತೂರೆ ಮನೆಗೆ ಬಂದರು. ಮೊದಲೇ ಫೋನು ಮಾಡದೆ ಅವರು ಎಂದೂ ಬಂದವರಲ್ಲ. ಕೋಟು ಬಿಚ್ಚದೆ ಅಡುಗೆಮನೆಯ ಮೇಜಿನ ಮುಂದೆ ಕೂತರು. ತಾನ್ಯಾ ಓಡಿಬಂದು ಆನೆಯ ಚಿತ್ರ ತೋರಿಸಿ, "ಆನೆ ನೋಡಿದ್ರಾ?" ಎಂದು ಸ್ವೀಡಿಷ್‌ನಲ್ಲಿ ಕೇಳಿದಳು. ತೂರೆ ಚಿತ್ರದ ಮೇಲೆ ಕೈಯಿಟ್ಟರು, ನೋಡಲಿಲ್ಲ. ಸುಲೋಚನಾ ಮಗಳನ್ನು ಒಳಕ್ಕೆ ಕರೆದುಕೊಂಡು ಹೋದಳು.

"ಒಬ್ಬ ಮನುಷ್ಯ ಸತ್ತ" ಎಂದರು ತೂರೆ.

ನಿಧಾನವಾಗಿ ಹೇಳಿದರು. ಕ್ಯಾಂಪಿಗೆ ಹೋದ ಮೊದಲ ದಿನ ಪರೀಕ್ಷೆಗೆಂದು ಗುಂಡು ಹಾರಿಸಿ ನೋಡಿದ್ದರು, ಸರಿಯಾಗಿತ್ತು. ನಾಲ್ಕನೆಯ ದಿನ ಎರಡು ಗಂಟೆ ಜಲ್ಲಿ ರಸ್ತೆಯಲ್ಲಿ ಹೋಗಿ, ನಡು ಮಧ್ಯಾಹ್ನ, ಒಂದು ಓರಿಕ್ಸ್ ಕಂಡರು. ಕತ್ತಿಯಂಥ ಎರಡು ನೇರ ಕೊಂಬಿನ, ಕುದುರೆ ಗಾತ್ರದ ಜಿಂಕೆ ಅದು. ಎಂಬತ್ತು ಮೀಟರ್. ತೂರೆ ಎದೆಗೆ ಗುರಿಯಿಟ್ಟರು. ಗುಂಡು ಹೊಟ್ಟೆಗೆ ಬಿತ್ತು. ಅದು ಮುಳ್ಳುಪೊದೆಗಳ ಕಡೆ ಓಡಿತು. ಹೆಜ್ಜೆಗುರುತು ಹಿಡಿಯುವ ಪೇತ್ರುಸ್ ಎಂಬಾತ ರಕ್ತದ ಜಾಡು ಹಿಡಿದು ಮುಂದೆ ನಡೆದ. ನಲವತ್ತರ ಆಸುಪಾಸಿನವನು, ಮೂರು ಮಕ್ಕಳ ತಂದೆ. ಪೊದೆಯ ಹಿಂದೆ ಮಲಗಿದ್ದ ಪ್ರಾಣಿ ಎದ್ದು ನುಗ್ಗಿತು. ಕೊಂಬು ಪೇತ್ರುಸನ ತೊಡೆಯ ಸಂದಿಯಲ್ಲಿ ಹೊಕ್ಕಿತು.

"ಆಸ್ಪತ್ರೆಗೆ ಅದೇ ರಸ್ತೆ. ಎರಡು ಗಂಟೆ. ನಾನು ಜೀಪಿನ ಹಿಂದೆ ಕೂತು ಅವನ ಗಾಯ ಒತ್ತಿ ಹಿಡಿದಿದ್ದೆ. ಪ್ರತಿ ಅಲೆಗೂ ನನ್ನ ಕೈ ಜಾರೋದು. ಅರ್ಧ ದಾರೀಲಿ ಹೋದ."

ಸುಲೋಚನಾ ಚಹಾ ತಂದಿಟ್ಟು ಅಲ್ಲೇ ನಿಂತಳು.

"ಸಂಜೆ ರೈಫಲ್ ನೋಡಿದೆ" ಎಂದರು ತೂರೆ. "ಒಂದು ಗೇಣು ಆಚೆ ಹೊಡೀತಿತ್ತು. ಸ್ಕೋಪಿನ ಮುಂದಿನ ಸ್ಕ್ರೂ ಸಡಿಲ. ನಾನೇ ಬಿಗಿದದ್ದು, ಸೋಮ್. ನಲವತ್ತು ವರ್ಷ ಊರಿನವರಿಗೆಲ್ಲ ಬಿಗಿದು ಕೊಟ್ಟಿದ್ದೀನಿ." ತಮ್ಮ ಎರಡು ಕೈಗಳನ್ನೂ ಮೇಜಿನ ಮೇಲೆ ಚಾಚಿ ನೋಡಿದರು. "ಮುದುಕನಾದೆ. ಕೈಗೆ ಗೊತ್ತಾಗಲಿಲ್ಲ."

ಹನ್ನೊಂದನೆಯ ಪುಟ ಪಕ್ಕದ ಕೋಣೆಯ ಕಪಾಟಿನಲ್ಲಿತ್ತು. ಎದ್ದು ಹತ್ತು ಹೆಜ್ಜೆ ನಡೆದರೆ ಸಾಕಿತ್ತು. ಯೋರಾನ್ ಬರೆದ ಪತ್ರದೊಂದಿಗೆ ಪರ್ಮಿಟ್ಟಿನ ಅರ್ಜಿ ಹೋಗಿ ಎರಡು ವಾರವಾಗಿತ್ತು.

"ರಸ್ತೆ ಅಷ್ಟು ಕೆಟ್ಟದಿದ್ದರೆ..." ಎಂದು ಸೋಮಶೇಖರ ಶುರು ಮಾಡಿದ.

"ರಸ್ತೆಗೆ ಅಂತಲೇ ನಿನ್ನ ಪೆಟ್ಟಿಗೆ ಇದ್ದದ್ದು. ಅದರ ತಪ್ಪೇನೂ ಇಲ್ಲ, ನಿನ್ನ ರಿಪೋರ್ಟು ನನಗೆ ಬಾಯಿಪಾಠ ಇದೆ. ನೀನು ಅದನ್ನು ಮನಸ್ಸಿಗೆ ಹಚ್ಚಿಕೋಬೇಡ." ತೂರೆ ಅವನ ಭುಜ ತಟ್ಟಿದರು. "ಅದಕ್ಕೇ ಬಂದೆ. ಬೇರೆಯವರಿಂದ ಕೇಳಿ ನೀನು ಪೆಟ್ಟಿಗೆ ಬಗ್ಗೆ ಯೋಚಿಸ್ತಾ ಕೂರಬಾರದು ಅಂತ."

ಚಹಾ ಕುಡಿಯದೆ ಹೋದರು. ಕೆಲಸಕ್ಕೂ ಮತ್ತೆ ಬರಲಿಲ್ಲ. ನವೆಂಬರ್‌ನಲ್ಲಿ ತಮ್ಮ ಬಂದೂಕುಗಳನ್ನೆಲ್ಲ ಲೈಸೆನ್ಸಿನ ಸಮೇತ ಪೊಲೀಸರಿಗೆ ಒಪ್ಪಿಸಿದರೆಂದು, ರಿಪೇರಿಯ ಹತಾರಗಳನ್ನು ಮಾರಿದರೆಂದು ಫಿಕಾ ಹೊತ್ತಿನಲ್ಲಿ ಸುದ್ದಿ ಬಂತು. ನಮೀಬಿಯಾದ ವಿಚಾರಣೆಗೆ ತಪ್ಪು ತಮ್ಮದೇ ಎಂದು ಬರೆದುಕೊಟ್ಟರಂತೆ. "ಪಾಪ, ವಯಸ್ಸಾಯಿತು" ಎಂದರು ಎಲ್ಲರೂ. ಯೋರಾನ್ ಮತ್ತು ಸೋಮಶೇಖರ ಒಬ್ಬರನ್ನೊಬ್ಬರು ನೋಡದೆ ಕಾಫಿ ಮುಗಿಸಿದರು. ಮಾರಿ ಉಳಿದ ಪೆಟ್ಟಿಗೆಗಳು ಮರುವಾರ ಗೋದಾಮಿನಿಂದ ಸದ್ದಿಲ್ಲದೆ ಮಾಯವಾದವು. ಜರ್ಮನ್ ಫೋಮ್ ಬಂತು.

ಪರ್ಮಿಟ್ ಬರಲಿ, ಬಂದ ದಿನವೇ ಹೇಳಿಬಿಡುತ್ತೇನೆ ಎಂದು ಸೋಮಶೇಖರ ಚಳಿಗಾಲವಿಡೀ ಕಾದ. ನಿದ್ದೆ ಕೆಟ್ಟಿತು. ಮಗಳು ಕೂಗಿದರೆ ಸಿಡುಕಿದ. ಎರಡು ಸಲ ತೂರೆಯ ಬೀದಿಯವರೆಗೆ ಸೈಕಲ್ ತುಳಿದು ವಾಪಸಾದ.

ಫೆಬ್ರವರಿಯಲ್ಲಿ ಲಕೋಟೆ ಬಂತು. ಮೂವರಿಗೂ ಇನ್ನೆರಡು ವರ್ಷ. ಸುಲೋಚನಾ ಪಾಯಸಕ್ಕೆ ಹಾಲಿಟ್ಟಳು. ಆಗ ಅವನು ಕಪಾಟಿನಿಂದ ಆ ಪುಟ ತಂದು ಅವಳ ಮುಂದಿಟ್ಟು ಎಲ್ಲವನ್ನೂ ಹೇಳಿದ. ಅವಳು ಒಲೆ ಆರಿಸಿ ಕೂತು ಕೇಳಿದಳು.

"ಅವತ್ತು ಅವರು ಇಲ್ಲಿ ಕೂತು ತಮ್ಮ ಕೈ ನೋಡ್ಕೋತಿದ್ರಲ್ರೀ. ಆಗಲೂ ನಿಮಗೆ ಗೊತ್ತಿತ್ತಾ?"

"ಗೊತ್ತಿತ್ತು. ಪರ್ಮಿಟ್ ಬರೋವರೆಗೆ... ನಿಮ್ಮಿಬ್ಬರಿಗೋಸ್ಕರ ಅಂತ..."

"ನಮ್ಮ ಹೆಸರು ಹೇಳ್ಬೇಡಿ." ಅವಳ ದನಿ ಏರಲಿಲ್ಲ. "ನಾನು ಕೇಳಿದ್ನಾ? ಒಂದು ಮಾತು ನನ್ನ ಕೇಳಿದ್ರೆ, ದಾವಣಗೆರೆಗೆ ಹೋಗೋಣ ನಡೀರಿ ಅಂತಿದ್ದೆ. ನೀವು ಕೇಳ್ಲಿಲ್ಲ. ಯಾಕೆ ಅಂದ್ರೆ ನಾನು ಹಾಗೇ ಅಂತೀನಿ ಅಂತ ನಿಮಗೆ ಗೊತ್ತಿತ್ತು."

ಮರುದಿನ ಮಧ್ಯಾಹ್ನ ರಜೆ ಹಾಕಿ ತೂರೆಯ ಮನೆಗೆ ಹೋದ. ತೂರೆ ಬಾಗಿಲು ತೆಗೆದು ನಕ್ಕರು, ಒಳಕ್ಕೆ ಕರೆದರು. ಬಂದೂಕಿನ ಕಬ್ಬಿಣದ ಕಪಾಟು ಇದ್ದ ಜಾಗದಲ್ಲಿ ಗೋಡೆಯ ಮೇಲೆ ಆಯತಾಕಾರದ ಬಿಳಿ ಕಲೆಯಿತ್ತು. ಸೋಮಶೇಖರ ಕೂರದೆ ಪುಟವನ್ನು ಅವರ ಕೈಗೆ ಕೊಟ್ಟ.

ತೂರೆ ಕನ್ನಡಕ ಹಾಕಿಕೊಂಡು ಓದಿದರು. ಎರಡು ಸಲ ಓದಿದರು. ತಾರೀಖಿನ ಮೇಲೆ ಬೆರಳಿಟ್ಟರು.

"ನವೆಂಬರ್ ೨೦೦೬."

"ಹೌದು."

"ನಾನು ಹೋಗೋದಕ್ಕೆ ಹತ್ತು ತಿಂಗಳು ಮೊದಲು."

"ಹೌದು."

"ನೋಡಿದೆಯಾ ಅಂತ ಕೇಳಿದ್ದೆ. ನೋಡಿದ್ದೀವಿ ಅಂದೆ." ಅವರಿಗೆ ಕೋಪ ಬಂದ ಹಾಗೆ ಕಾಣಲಿಲ್ಲ, ಕಷ್ಟದ ಲೆಕ್ಕವೊಂದನ್ನು ಬಿಡಿಸುತ್ತಿದ್ದವರ ಹಾಗಿದ್ದರು. "ಗೊತ್ತಿದ್ದರೆ ನಾನು ದಿನಾ ಬೆಳಗ್ಗೆ ಒಂದು ಗುಂಡು ಹಾರಿಸಿ ನೋಡ್ತಿದ್ದೆ. ಅಷ್ಟೇ ಬೇಕಿದ್ದದ್ದು. ಪೆಟ್ಟಿಗೆ ಸರಿಯಿಲ್ಲದಿದ್ದರೂ ಪರವಾಗಿರಲಿಲ್ಲ. ಸರಿಯಿಲ್ಲ ಅಂತ ಗೊತ್ತಿದ್ದರೆ ಸಾಕಿತ್ತು."

ಸೋಮಶೇಖರ ಕ್ಷಮೆ ಕೇಳಿದ. ಸ್ವೀಡಿಷ್‌ನಲ್ಲಿ ಕೇಳಿದ, ಇಂಗ್ಲಿಷ್‌ನಲ್ಲಿ ಕೇಳಿದ. ಎರಡೂ ತೆಳ್ಳಗೆ ಕೇಳಿಸಿದವು. ಪರ್ಮಿಟ್ಟಿನ ಮಾತೆತ್ತಿದ. ತೂರೆ ಕೈ ಎತ್ತಿ ನಿಲ್ಲಿಸಿದರು.

"ಅದು ನಿನ್ನ ಕಷ್ಟ, ಇರಬಹುದು. ಪೇತ್ರುಸ್ ಮನೆಯವರಿಗೆ ಬರೆ. ಅಲ್ಲಿ ಇನ್ನೂ ಏನೋ ಹೇಳ್ತಿದ್ದಾರೆ, ಅವನು ಹೇಳದೆ ಕೇಳದೆ ಮುಂದೆ ಹೋದ ಅಂತ. ನನಗೇನೂ ಬರೀಬೇಕಾಗಿಲ್ಲ." ಪುಟವನ್ನು ವಾಪಸು ಕೊಟ್ಟು ಬಾಗಿಲವರೆಗೆ ಬಂದರು. "ಇನ್ನು ಬರಬೇಡ" ಎಂದರು, ಮೆಲ್ಲಗೆ.

ಪೇತ್ರುಸ್ ಕೆಲಸಕ್ಕಿದ್ದ ಬೇಟೆ ಫಾರ್ಮಿನ ವಿಳಾಸಕ್ಕೆ, ಅವನ ಮನೆಯವರಿಗೆಂದು, ಸೋಮಶೇಖರ ಬರೆದ. ಏಪ್ರಿಲ್ ಕೊನೆಗೆ ಉತ್ತರ ಬಂತು, ಫಾರ್ಮಿನಿಂದಲ್ಲ, ಪೇತ್ರುಸನ ಹೆಂಡತಿ ಹಿಲ್ಮಾಳಿಂದ. ಊರಿನ ಚರ್ಚಿನವರ ಕೈಯಲ್ಲಿ ಬರೆಸಿದ ಚಿಕ್ಕ ಇಂಗ್ಲಿಷ್ ಪತ್ರ. ಫಾರ್ಮಿನ ವಸತಿ ಬಿಟ್ಟು ಅವಳೂ ಮಕ್ಕಳೂ ಅವಳ ಅಣ್ಣನ ಊರಿಗೆ ಹೋಗಿದ್ದರು. ಅವಳು ಬೈದಿರಲಿಲ್ಲ. ಬರೆದದ್ದು ಇಷ್ಟು: 'ನನ್ನ ಗಂಡ ದಡ್ಡತನದಿಂದ ಪ್ರಾಣಿಯ ಹತ್ತಿರ ಹೋಗಿ ಸತ್ತನೆಂದು ಇಲ್ಲಿ ಕಾಗದದಲ್ಲಿ ಬರೆದಿದ್ದಾರೆ. ನನ್ನ ಮಕ್ಕಳಿಗೂ ಅದನ್ನೇ ಹೇಳುತ್ತಾರೆ. ನೀವು ನನಗೆ ಹೇಳಿದ್ದನ್ನು ಆ ಕಾಗದ ಬರೆದವರಿಗೆ ಹೇಳಿ. ನನಗೆ ಹೇಳಿ ಪ್ರಯೋಜನವಿಲ್ಲ. ನನ್ನ ಗಂಡ ಇಪ್ಪತ್ತು ವರ್ಷ ಜಾಡು ಹಿಡಿದವನು. ಅವನು ದಡ್ಡನಲ್ಲ ಎಂದು ನನಗೆ ಮೊದಲೇ ಗೊತ್ತು.'

ಸುಲೋಚನಾ ಅದನ್ನು ಓದಿ ಮೇಜಿನ ಮೇಲಿಟ್ಟಳು. "ಬರೀರಿ" ಎಂದಳು. "ಏನಾಗುತ್ತೋ ಆಗ್ಲಿ."

ಈ ಸಲ ಅವನು ಕಾಯಲಿಲ್ಲ. ನಡೆದದ್ದನ್ನೆಲ್ಲ ಬರೆದು, ನೋಟರಿಯ ಮುಂದೆ ಸಹಿ ಮಾಡಿ, ಹನ್ನೊಂದನೆಯ ಪುಟ ಲಗತ್ತಿಸಿ, ನಮೀಬಿಯಾದಲ್ಲಿ ವಿಚಾರಣೆ ನಡೆಸಿದ ಕಚೇರಿಗೆ ಕಳಿಸಿದ. ಒಂದು ಪ್ರತಿಯನ್ನು ತಾನೇ ಯೋರಾನ್ ಮೇಜಿನ ಮೇಲಿಟ್ಟ.

ಯೋರಾನ್ ಕೊನೆಯ ಪುಟದವರೆಗೂ ಓದಿದ. ಅವನ ಕಿವಿ ಕೆಂಪಾಗಿತ್ತು.

"ಸಹಿ ನಿನ್ನದು, ಸೋಮ್" ಎಂದ ಕೊನೆಗೆ. "ನಾನು ಒಂದು ಪುಟ ಬೇಡ ಅಂದೆ. ಸಹಿ ಹಾಕಿದವನು ನೀನು."

"ಅದನ್ನೂ ಬರೆದಿದ್ದೀನಿ. ನಾಲ್ಕನೆಯ ಪ್ಯಾರಾ."

ಒಂದು ವಾರದಲ್ಲಿ ಪತ್ರ ಬಂತು. ಕಂಪನಿಯಲ್ಲಿ ಕೆಲಸದ ಕೊರತೆ, ಆದ್ದರಿಂದ ಪರೀಕ್ಷಾ ಎಂಜಿನಿಯರ್ ಹುದ್ದೆ ರದ್ದು. ಎಲ್ಲ ಕಾಯಿದೆ ಪ್ರಕಾರ, ನೋಟಿಸಿನ ತಿಂಗಳುಗಳ ಸಮೇತ. ಆ ಕಂಪನಿ ಬಿಟ್ಟರೆ ಆ ಪರ್ಮಿಟ್ಟಿಗೆ ಬೆಲೆಯಿಲ್ಲ. ರೈಲಿನಲ್ಲಿ ರಾಜಧಾನಿಗೆ ಹೋಗಿ, ಅಲ್ಲಿಂದ ಬ್ಲೂ ಲೈನ್ ಮೆಟ್ರೋ ಹಿಡಿದು ಕಿಸ್ಟಾ ಬಡಾವಣೆಯಲ್ಲಿ ನಾಲ್ಕು ಇಂಟರ್‌ವ್ಯೂ ಕೊಟ್ಟ, ಮಾಲ್ಮೋದಲ್ಲಿ ಒಂದು. ಹಿಂದಿನ ಕೆಲಸ ಯಾಕೆ ಬಿಟ್ಟಿರಿ ಎಂದು ಎಲ್ಲರೂ ಕೇಳಿದರು. ಅವನು ಇದ್ದದ್ದನ್ನು ಹೇಳಿದ. ಎಲ್ಲರೂ ಮೆಚ್ಚಿದ ಹಾಗೆ ತಲೆಯಾಡಿಸಿದರು. ಯಾರೂ ಮತ್ತೆ ಕರೆಯಲಿಲ್ಲ.

ಜುಲೈಯಲ್ಲಿ ನಮೀಬಿಯಾದಿಂದ ಎರಡು ಸಾಲಿನ ಉತ್ತರ ಬಂತು. ನಿಮ್ಮ ಹೇಳಿಕೆ ತಲುಪಿದೆ. ಈ ಪ್ರಕರಣದ ವಿಚಾರಣೆ ಕಳೆದ ಡಿಸೆಂಬರಿನಲ್ಲೇ ಮುಗಿದಿರುವುದರಿಂದ ಮುಂದಿನ ಕ್ರಮವಿಲ್ಲ. ಸೋಮಶೇಖರ 'ಡಿಸೆಂಬರ್' ಎಂಬ ಪದದ ಮೇಲೇ ಕಣ್ಣಿಟ್ಟು ಕೂತ. ಅಕ್ಟೋಬರಿನ ಆ ಭಾನುವಾರ ಎದ್ದು ಪಕ್ಕದ ಕೋಣೆಗೆ ಹೋಗಿದ್ದರೆ ಕೈಯಲ್ಲಿ ಎರಡು ತಿಂಗಳಿತ್ತು. ಯಾವ ಪರ್ಮಿಟ್ಟಿಗಾಗಿ ಆ ಎರಡು ತಿಂಗಳನ್ನು ಕಳೆದನೋ ಆ ಪರ್ಮಿಟ್ಟೂ ಉಳಿದಿರಲಿಲ್ಲ. ಹಿಲ್ಮಾಳಿಗೆ ತನ್ನ ಹೇಳಿಕೆಯ ನಕಲನ್ನೂ ಆ ಎರಡು ಸಾಲಿನ ಉತ್ತರವನ್ನೂ ಕಳಿಸಿದ. ಅವಳಿಂದ ಪತ್ರ ಬರಲಿಲ್ಲ.

ಆಗಸ್ಟ್ ಕೊನೆಗೆ ಹೊರಟರು. ತಾನ್ಯಾಳಿಗೆ ಆರು ತುಂಬಿತ್ತು. ಸ್ಕೂಲಿಗೆ ಸೇರಬೇಕಿದ್ದವಳು ಯಾಕೆ ಸೇರುತ್ತಿಲ್ಲವೆಂದು ಅವಳು ಸ್ವೀಡಿಷ್‌ನಲ್ಲಿ ಕೇಳುತ್ತಲೇ ಇದ್ದಳು. ಸುಲೋಚನಾ ಕನ್ನಡದಲ್ಲಿ ಉತ್ತರಿಸುತ್ತಲೇ ಇದ್ದಳು.

ಹೊರಡುವ ಮುನ್ನಾದಿನ, ಬರಬೇಡ ಎಂದಿದ್ದರೂ, ಸೋಮಶೇಖರ ಬಸ್ಸು ಹತ್ತಿ ತೂರೆಯ ಮನೆಗೆ ಹೋದ. ಅವರು ಹಿತ್ತಲಲ್ಲಿ ಚಳಿಗಾಲಕ್ಕೆಂದು ಸೌದೆ ಒಟ್ಟುತ್ತಿದ್ದರು. ಇವನನ್ನು ಕಂಡು ಕೆಲಸ ನಿಲ್ಲಿಸಲಿಲ್ಲ, ಹೋಗು ಎಂದೂ ಅನ್ನಲಿಲ್ಲ. ಬೇಲಿಯ ಈಚೆ ನಿಂತು ಅವನು ಎಲ್ಲ ಹೇಳಿದ: ಹೇಳಿಕೆ, ಎರಡು ಸಾಲಿನ ಉತ್ತರ, ಕೆಲಸ ಹೋದದ್ದು, ನಾಳೆಯ ವಿಮಾನ.

"ಯೋರಾನ್ ಬಂದಿದ್ದ" ಎಂದರು ತೂರೆ. "ನನ್ನನ್ನು ಮತ್ತೆ ಕೆಲಸಕ್ಕೆ ಕರೆಯೋದಕ್ಕೆ. ತಪ್ಪು ನನ್ನದಲ್ಲ ಅಂತ ಈಗ ಎಲ್ಲರಿಗೂ ಗೊತ್ತಾಯಿತಂತೆ."

"ಹೋಗ್ತೀರಾ?"

"ಇಲ್ಲ." ಒಂದು ಸೌದೆಯನ್ನು ಕೈಯಲ್ಲಿ ತಿರುಗಿಸಿ ಜಾಗ ನೋಡಿ ಇಟ್ಟರು. "ಆ ಗುಂಡು ನನ್ನದೇ. ಸ್ಕ್ರೂ ಯಾರದಾದರೂ ಆಗಲಿ."

"ನಾನು ಆ ದಿನ ನಿಮಗೆ ಹೇಳಬೇಕಿತ್ತು."

"ಹೌದು" ಎಂದರು ತೂರೆ. "ಹೇಳಬೇಕಿತ್ತು."

ಇನ್ನೇನಾದರೂ ಅನ್ನುವರೆಂದು ಸೋಮಶೇಖರ ಕಾದ. ತೂರೆ ಬಗ್ಗಿ ಇನ್ನೊಂದು ಸೌದೆ ಎತ್ತಿಕೊಂಡರು, ಆಮೇಲೆ ಮತ್ತೊಂದು. ಸಾಲು ನೇರವಾಗಿ ಬರುತ್ತಿತ್ತು. ಸ್ವಲ್ಪ ಹೊತ್ತಿಗೆ ಅವನು, "ಬರ್ತೀನಿ" ಎಂದ, ಕನ್ನಡದಲ್ಲೇ, ಬಾಯಿ ತಪ್ಪಿ. ತೂರೆಗೆ ಅದು ತಿಳಿಯಲಿಲ್ಲ, ಏನೆಂದು ಕೇಳಲೂ ಇಲ್ಲ. ಅವನು ಬಸ್ ಸ್ಟಾಪಿನ ಕಡೆ ನಡೆದ.